ಖಾಲಿ ಬಂದ ಡಬ್ಬಿ

ಟಕ್ ಟಕ್ ಟಕ್. ಧೃತಿ ಮತ್ತೊಮ್ಮೆ ಬಾಗಿಲು ಬಡಿದಳು.

"ಕಾಶಿಬಾಯಿ ಅಜ್ಜೀ! ಇಟ್ಸ್ ಮೀ!"

ಅಜ್ಜಿ ಬಾಗಿಲಿಗೆ ಬರುವುದೇ ಒಂದು ಮೆರವಣಿಗೆ. ಮೊದಲು ವಾಕರ್‌ನ ಟಕ್-ಸರ್, ಟಕ್-ಸರ್ ಸದ್ದು. ಆಮೇಲೆ "ಬಂದೆ ತಡೀ, ನಾ ಏನ್ ಕುದುರಿ ಏನು?" ಎಂಬ ಮಾತು. ಕೊನೆಗೆ ಅಜ್ಜಿ. ಇವತ್ತು ಸದ್ದೂ ಇಲ್ಲ, ಮಾತೂ ಇಲ್ಲ.

ಪರದೇಶದ ಹ್ಯಾರಿಸನ್ ಊರಿನ ಆ ಬಿಲ್ಡಿಂಗಿನ ಮೂರನೇ ಫ್ಲೋರಿನಲ್ಲಿ ಅಜ್ಜಿ ಒಬ್ಬರೇ ಇರುತ್ತಾರೆ. ಧೃತಿಯ ಮನೆ ಐದನೇ ಫ್ಲೋರು. "ಹೇಗಿದ್ದೀರಾ ನೋಡೋಕೆ ಬಂದೆ" ಅಂದರೆ ಸಾಕು, ಅಜ್ಜಿಗೆ ಮೂಗಿನ ತುದಿಯಲ್ಲೇ ಕೋಪ. "ನಾ ಏನ್ ಪೇಷಂಟೇನು?"

ಅದಕ್ಕೇ ಅಮ್ಮ ಒಂದು ಸ್ಟೀಲ್ ಡಬ್ಬಿಯ ಉಪಾಯ ಹೂಡಿದ್ದಳು. ಇವತ್ತು ಅಮ್ಮನ ಚಿತ್ರಾನ್ನ ಕೆಳಗೆ ಹೋದರೆ ನಾಳೆ ಅಜ್ಜಿಯ ಶೇಂಗಾ ಉಂಡೆ ಮೇಲೆ ಬರುತ್ತದೆ. ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದಲ್ಲ! ಹಾಗಾಗಿ ಅದು ನಿಲ್ಲುವುದೇ ಇಲ್ಲ. ಅಜ್ಜಿ ಹೇಗಿದ್ದಾರೆ ಎಂಬುದೂ ದಿನಾ ತಿಳಿಯುತ್ತದೆ.

ನಿನ್ನೆ ಡಬ್ಬಿಯಲ್ಲಿ ಅಮ್ಮನ ಕೋಡುಬಳೆ ಇತ್ತು. ಇತ್ತು, ಅಷ್ಟೇ! ಎಲಿವೇಟರಿನಲ್ಲಿ ಧೃತಿ ಒಂದು ತಿಂದಳು. ಇನ್ನೊಂದು ತಿಂದಳು. ಆಮೇಲೆ ಎಲಿವೇಟರನ್ನು ಲಾಬಿಗೆ ಇಳಿಸಿ, ಮತ್ತೆ ಮೇಲೇರಿಸಿ, ಎಲ್ಲವನ್ನೂ ಸ್ವಾಹಾ ಮಾಡಿದಳು. ಖಾಲಿ ಡಬ್ಬಿಯನ್ನು ಅಜ್ಜಿಯ ಕೈಗಿಟ್ಟು ಓಡಿಬಂದಳು.

"ಅಜ್ಜಿಗೆ ಸಿಟ್ಟು ಬಂದಿರಬೇಕು" ಎಂದುಕೊಂಡು ಧೃತಿ ತನ್ನ ವಾಚಿನಿಂದ ಫೋನ್ ಮಾಡಿದಳು. ಬಾಗಿಲಿನ ಆಚೆ ಫೋನ್ ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಈಗ ಅವಳು ಎರಡೂ ಕೈಯಿಂದ ಬಾಗಿಲು ಬಡಿದಳು.

ಅಷ್ಟರಲ್ಲಿ ಕಾರಿನಿಂದ ಗ್ರೋಸರಿ ಬ್ಯಾಗ್ ತೆಗೆದುಕೊಂಡು ಅಮ್ಮ ಅವಳನ್ನು ಕರೆದೊಯ್ಯಲು ಎಲಿವೇಟರಿನಲ್ಲಿ ಅಲ್ಲಿಗೆ ಬಂದಳು.

"ಅಮ್ಮಾ, ಅಜ್ಜಿ ಓಪನ್ನೇ ಮಾಡ್ತಿಲ್ಲ! ಫೋನೂ ಎತ್ತಲ್ಲ. ಬಿದ್ದುಬಿಟ್ಟಿದ್ರೆ?"

"ಅಯ್ಯೋ ದೇವರೇ! ಅವರ ಸ್ಪೇರ್ ಕೀ ನಮ್ಮನೇಲಿದೆ. ಬಾ ಬೇಗ!"

ಐದನೇ ಫ್ಲೋರಿನಲ್ಲಿ ಎಲಿವೇಟರ್ ತೆರೆಯಿತು. ಇಬ್ಬರೂ ನಿಂತಲ್ಲೇ ನಿಂತರು.

ತಮ್ಮದೇ ಮನೆ ಬಾಗಿಲಲ್ಲಿ ಕಾಶಿಬಾಯಿ ಅಜ್ಜಿ! ವಾಕರ್‌ನ ಸೀಟಿನ ಮೇಲೆ ಕೂತಿದ್ದಾರೆ. ಮಡಿಲಲ್ಲಿ ಅದೇ ಸ್ಟೀಲ್ ಡಬ್ಬಿ.

"ಎಲ್ಲಿ ಹೋಗಿದ್ರಿ ತಾಯಿ-ಮಗಳು? ಬೆಲ್ ಒತ್ತಿ ಒತ್ತಿ ನನ್ನ ಬೆರಳು ಸೋತು ಹೋತು!"

"ಇವಳ ಸ್ವಿಮ್ಮಿಂಗ್ ಕ್ಲಾಸ್ ಇತ್ತು. ನೀವು ಒಬ್ರೇ ಯಾಕೆ ಬಂದ್ರಿ ಅಜ್ಜಿ?"

"ನಿನ್ನೆ ಡಬ್ಬಿ ಖಾಲಿ ಬಂತವ್ವ. ನೀ ಒಮ್ಮೆನೂ ಹಂಗ ಕಳಿಸಾಕಿ ಅಲ್ಲ. ಜ್ವರ ಗಿರ ಬಂದು ಮಲಗೀಯೇನೋ ಅಂತ ನನಗ ನಿದ್ದೀನ ಹತ್ತಲಿಲ್ಲ. ಫೋನ್‌ನ್ಯಾಗ ಎಲ್ಲಾರೂ 'ಆರಾಮ' ಅಂತನ ಹೇಳ್ತಾರ. ಅದಕ್ಕ ಬಿಸಿ ಸಾರು ತಗೊಂಡು ನಾನ ನೋಡಾಕ ಬಂದೆ."

"ಖಾಲಿ? ಕೋಡುಬಳೆ ತುಂಬಿ ಕಳಿಸಿದ್ನಲ್ಲ!"

ಇಬ್ಬರೂ ಧೃತಿಯ ಕಡೆ ತಿರುಗಿದರು.

"ಐ ಏಟ್ ದೆಮ್... ಎಲಿವೇಟರ್‌ನಲ್ಲಿ."

"ಎಲ್ಲಾ?"

"ಎಲ್ಲಾ."

ಅಜ್ಜಿ ಡಬ್ಬಿಯ ಮುಚ್ಚಳ ಅಲ್ಲಾಡುವಷ್ಟು ನಕ್ಕರು. "ಅಯ್ಯ ನಿನ್ನ! ಅದೇನು ಹೊಟ್ಟಿನೋ ಕಣಜನೋ?"

ಧೃತಿಗೆ ನಗು ಬರಲಿಲ್ಲ, ಅಳು ಬಂತು. ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸೆರಗು ಇಂಗಿನ ಒಗ್ಗರಣೆಯಿಂದ ಘಮ ಘಮ ಅನ್ನುತ್ತಿತ್ತು.

ಮರುದಿನ ಅಮ್ಮನ ಆಫೀಸ್ ಮೀಟಿಂಗ್ ಮುಗಿಯಲೇ ಇಲ್ಲ. ಅಡುಗೆಯೂ ಆಗಿರಲಿಲ್ಲ.

"ಡಬ್ಬಿ ನಾಳೆ ಕೊಡೋಣ ಬಿಡು ಪುಟ್ಟಿ."

"ನೋ ಅಮ್ಮಾ!"

ಧೃತಿ ತನ್ನ ಸ್ನ್ಯಾಕ್‌ಗೆ ಇಟ್ಟಿದ್ದ ಚೀಸ್ ಕ್ರ್ಯಾಕರ್‌ಗಳನ್ನೆಲ್ಲ ಡಬ್ಬಿಗೆ ಸುರಿದಳು. ಎಲಿವೇಟರಿನಲ್ಲಿ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಬಾಗಿಲು ಬಡಿದು, ಕಿವಿಯನ್ನು ಅದಕ್ಕೆ ಒತ್ತಿ ನಿಂತಳು.

ಟಕ್-ಸರ್. ಟಕ್-ಸರ್.

"ಬಂದೆ ತಡೀ, ನಾ ಏನ್ ಕುದುರಿ ಏನು?"

"ನಿಧಾನ ಬನ್ನಿ ಅಜ್ಜಿ," ಎಂದಳು ಧೃತಿ. ಬಾಗಿಲು ತೆರೆಯುವವರೆಗೂ ಅವಳು ಆ ಸದ್ದನ್ನೇ ಕೇಳುತ್ತಿದ್ದಳು.