ಲಿಯೊನೀಸಾಳಿಗೆ ನಾನು ಮಾರಿದ ಕಂಪ್ಯೂಟರ್

ಲಿಯೊನೀಸಾ ಮೊದಲ ಸಲ ನಮ್ಮ ಅಂಗಡಿಗೆ ಬಂದಾಗ ತನ್ನ ಹಳೆಯ ಕಂಪ್ಯೂಟರನ್ನು ಟವೆಲ್ಲಿನಲ್ಲಿ ಸುತ್ತಿ, ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ತಂದವಳಂತೆ ಎದೆಗವಚಿಕೊಂಡಿದ್ದಳು. ಓಟನ್ ಊರಿನಿಂದ ಇಲೊಯಿಲೊ ಪೇಟೆಯವರೆಗೂ ಜೀಪ್ನಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಳಂತೆ. ಹಣೆಯ ಬೆವರಿಗೆ ಒಂದೆಳೆ ಕೂದಲು ಅಂಟಿತ್ತು. ಸರಿಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ತುಟಿ ಓರೆ ಮಾಡಿ ಉಫ್ ಎಂದು ಊದಿಕೊಂಡಳು. ಕೂದಲು ಅಲ್ಲೇ ಉಳಿಯಿತು. ನನಗೆ ನಗು ಬಂತು, ಅವಳಿಗೂ ಬಂತು.

ಓಟನ್‌ನ ಪುರಸಭೆ ಕಚೇರಿಯ ಪಕ್ಕದಲ್ಲಿ ಅವಳದೊಂದು ಸಣ್ಣ ಟೈಪಿಂಗ್ ಅಂಗಡಿ. ಅರ್ಜಿ, ಅಫಿಡವಿಟ್ಟು ಟೈಪ್ ಮಾಡುವುದು, ಗುರುತಿನ ಚೀಟಿಗೆ ಫೋಟೊ ಪ್ರಿಂಟ್ ಹಾಕುವುದು, ಭಾನುವಾರ ಕುವೈತ್‌ನಲ್ಲಿರುವ ಅಕ್ಕನ ಮುಖ ಪರದೆಯಲ್ಲಿ ನೋಡುವುದು.

“ಇಷ್ಟೇ ನನ್ ಕೆಲ್ಸ, ನೊಂಗ್,” ಎಂದಳು. ನಮ್ಮ ಕಡೆ ಅಣ್ಣನಂಥವರನ್ನು ಕರೆಯುವುದೇ ಹಾಗೆ. “ಆದ್ರೆ ಇದು ಆನ್ ಆಗೋ ಹೊತ್ತಿಗೆ ನಾನು ಮನೆಗ್ ಹೋಗಿ ಅನ್ನ ಮಾಡಿಟ್ಟು ಬರ್ಬೋದು.”

ಮುಚ್ಚಳ ಬಿಚ್ಚಿದೆ. ಒಳಗೆ ಬೊಗಸೆ ತುಂಬ ಧೂಳು. ನೋಡಿದ ತಕ್ಷಣ ತಿಳಿಯಿತು. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ರ‍್ಯಾಮ್ ಇನ್ನೊಂದು ಸೇರಿಸಿ, ಧೂಳು ಹೊಡೆದರೆ ಮುಗಿಯಿತು. ಒಂದು ಗಂಟೆಯ ಕೆಲಸ. ಅವಳ ಟೈಪಿಂಗಿಗೆ ಅದು ಇನ್ನೂ ಐದು ವರ್ಷ ಧಾರಾಳವಾಗಿ ಸಾಕು.

ಆದರೆ ಅಂಗಡಿಯ ಷೋಕೇಸಿನಲ್ಲಿ ಗೇಮ್ ಆಡುವವರ ದುಬಾರಿ ಕಂಪ್ಯೂಟರುಗಳು ಮಾರಾಟವಾಗದೆ ಕೂತಿದ್ದವು. ಅವನ್ನು ಖಾಲಿ ಮಾಡಿದವನಿಗೆ ಹೆಡ್ ಸೇಲ್ಸ್‌ಮನ್ ಕೆಲಸ ಕೊಡುವುದಾಗಿ ಮಾಲೀಕರು ಹೇಳಿದ್ದರು. ಏಳು ವರ್ಷ ಅದೇ ಕೌಂಟರಿನ ಹಿಂದೆ ನಿಂತಿದ್ದವನು ನಾನು.

“ಮದರ್‌ಬೋರ್ಡೇ ಹೋಗಿದೆ ಮ್ಯಾಮ್,” ಎಂದೆ. “ಇದಕ್ಕೆ ದುಡ್ಡು ಹಾಕೋದು ದಂಡ.”

ಅವಳು ಕಂಪ್ಯೂಟರನ್ನು ನೋಡಲಿಲ್ಲ, ನನ್ನ ಕಣ್ಣನ್ನು ನೋಡಿದಳು. ಬೇರೆಯವರಾಗಿದ್ದರೆ ಪಕ್ಕದ ಅಂಗಡಿಯಲ್ಲೂ ಒಮ್ಮೆ ಕೇಳುತ್ತಿದ್ದರು. ಇವಳು, “ನೀವ್ ಹೇಳಿದ್ಮೇಲೆ ಮುಗೀತು, ನೊಂಗ್,” ಎಂದಳು. ಹಳೆಯದನ್ನು ನಮ್ಮಲ್ಲೇ ಬಿಟ್ಟು, ಬಣ್ಣಬಣ್ಣದ ದೀಪ ಮಿನುಗುವ ಗಾಜಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದಳು. ಮರುವಾರ ನಾನು ಹೆಡ್ ಸೇಲ್ಸ್‌ಮನ್ ಆದೆ.

ಆಮೇಲೆ ಅವಳು ಪ್ರಿಂಟರಿನ ಇಂಕಿಗೆಂದು ತಿಂಗಳಿಗೊಮ್ಮೆ ಬರತೊಡಗಿದಳು. ಬಂದಾಗಲೆಲ್ಲ ಬಾಳೆಲೆಯಲ್ಲಿ ಸುತ್ತಿದ ಬಿಬಿಂಕಾ ತರುತ್ತಿದ್ದಳು. ಇನ್ನೂ ಬಿಸಿ ಆರದ, ತೆಂಗಿನ ಘಮದ ಅಕ್ಕಿ ಕೇಕು.

“ನಿಮ್ ಕಂಪ್ಯೂಟರ್ ದೀಪ ಕೆಂಪಾಗತ್ತೆ, ಹಸಿರಾಗತ್ತೆ, ನೇರಳೆ ಆಗತ್ತೆ,” ಎಂದಳು ಒಮ್ಮೆ. “ಮೊನ್ನೆ ಒಬ್ಬರು ಗಂಡನ ಮರಣ ಪ್ರಮಾಣಪತ್ರದ ಅರ್ಜಿ ಟೈಪ್ ಮಾಡಿಸ್ತಾ ಕೂತಿದ್ರು. ಇದು ಡಿಸ್ಕೊ ಮಾಡ್ತಿತ್ತು. ನಂಗೆ ನಾಚ್ಕೆ ಆಗಿ ರಟ್ಟು ಅಂಟಿಸ್ಬಿಟ್ಟೆ.”

ಹೇಳಿ ನಕ್ಕಳು. ನಗುವಾಗ ಅವಳ ಎಡಗಣ್ಣು ಬಲಗಣ್ಣಿಗಿಂತ ತುಸು ಮೊದಲೇ ಮುಚ್ಚಿಕೊಳ್ಳುತ್ತದೆ. ಅದನ್ನು ನಾನು ಗಮನಿಸಿದ್ದೇನೆಂದು ಅವಳು ಗಮನಿಸಿದಳು. ಇಂಕಿನ ಡಬ್ಬಿ ಕೊಡುವಾಗ ಬೆರಳು ತಾಗಿತು. ಇಬ್ಬರೂ ಕೈ ಹಿಂತೆಗೆಯಲಿಲ್ಲ.

ತಿಂಗಳ ಮೊದಲ ಶನಿವಾರಕ್ಕಾಗಿ ಕಾಯತೊಡಗಿದೆ. ಅವಳು ಬರುವ ದಿನ ಇಸ್ತ್ರಿ ಅಂಗಿ. ಬಿಬಿಂಕಾವನ್ನು ಮಾತ್ರ ಅಂಗಡಿಯ ಹುಡುಗರಿಗೆ ಹಂಚಿಬಿಡುತ್ತಿದ್ದೆ.

ಏಕೆಂದರೆ ಅವಳು ಊರವರನ್ನೆಲ್ಲ ನನ್ನ ಹತ್ತಿರ ಕಳಿಸುತ್ತಿದ್ದಳು. ಶಾಲೆಯ ಮೇಷ್ಟ್ರು ಬಂದರು, ಔಷಧಿ ಅಂಗಡಿಯವರು ಬಂದರು. ಎಲ್ಲರ ಬಾಯಲ್ಲೂ ನನ್ನ ಹೆಸರು, ಒಂದೇ ಮಾತು: ರೆನಾಂತೆ ಸುಳ್ಳು ಹೇಳಲ್ಲವಂತೆ, ಲಿಯೊನೀಸಾ ಹೇಳಿದಳು. ಅವರಿಗೆಲ್ಲ ಬೇಕಾದಷ್ಟನ್ನೇ ಕೊಟ್ಟೆ, ಒಂದು ಕೇಬಲ್ ಹೆಚ್ಚಿಗೆ ಮಾರಲಿಲ್ಲ. ಮಾಲೀಕರು ಗೊಣಗಿದರು. ಹಾಗೆ ಮಾಡಿದರೆ ಹಳೆಯದು ಅಳಿಸಿಹೋಗುತ್ತದೆ ಎಂದುಕೊಂಡಿದ್ದೆನೋ ಏನೋ. ಅಳಿಸಿಹೋಗಲಿಲ್ಲ.

ಜೂನ್‌ನ ಶನಿವಾರ ಅವಳು ಬಂದಾಗ, ಶಿಕ್ಷಕರ ಪರವಾನಗಿ ಪರೀಕ್ಷೆಯ ಮಾತು ಬಂತು. ಓದು ಮುಗಿಸಿ ಆರು ವರ್ಷವಾದರೂ ಅವಳು ಆ ಪರೀಕ್ಷೆ ಬರೆದಿರಲಿಲ್ಲ. ಈ ವರ್ಷ ತರಬೇತಿಗೆ ಸೇರುತ್ತೀರಾ ಎಂದು ಸುಮ್ಮನೆ ಕೇಳಿದೆ.

“ಮುಂದಿನ್ ವರ್ಷ,” ಎಂದಳು ಹಗುರವಾಗಿ. “ತರಬೇತಿಗೆ ಇಟ್ಟಿದ್ದು ಕಂಪ್ಯೂಟರಿಗೆ ಹೋಯ್ತಲ್ಲ. ಇರ್ಲಿ ಬಿಡಿ, ಬೋರ್ಡ್ ಸತ್ತರೆ ಯಾರೇನ್ ಮಾಡೋಕಾಗತ್ತೆ.”

ಅವಳ ಒಂದು ವರ್ಷವನ್ನು ಕದ್ದವನು ಅವಳ ಎದುರಿಗೇ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದ. ಅಲ್ಲೇ ಹೇಳಿಬಿಡಬೇಕಿತ್ತು. ಬದಲಿಗೆ ಬಿಲ್ಲು ಹರಿದು ಕೊಟ್ಟೆ.

ಅವಳ ಹಳೆಯ ಕಂಪ್ಯೂಟರ್ ಗೋದಾಮಿನಲ್ಲಿ ಇನ್ನೂ ಇತ್ತು. ಮಾಲೀಕರಿಗೆ ಹೇಳಿ ತೆಗೆದುಕೊಂಡೆ. ಧೂಳು ಹೊಡೆದು, ಎಸ್‌ಎಸ್‌ಡಿ ಹಾಕಿ, ರ‍್ಯಾಮ್ ಸೇರಿಸಿದೆ. ಒಂದು ಗಂಟೆಯೂ ಹಿಡಿಯಲಿಲ್ಲ. ಭಾನುವಾರ ಅದನ್ನು ತೊಡೆಯ ಮೇಲಿಟ್ಟುಕೊಂಡು ಜೀಪ್ನಿ ಹತ್ತಿದೆ.

ಅವಳು ಪೂಜೆ ಮುಗಿಸಿಕೊಂಡು ಚರ್ಚಿನಿಂದ ಆಗಷ್ಟೇ ಬಂದು ಅಂಗಡಿಯ ಬಾಗಿಲು ತೆರೆಯುತ್ತಿದ್ದಳು. ನನ್ನನ್ನು ಕಂಡು ಮುಖವೆಲ್ಲ ಅರಳಿತು. ನಾನು ಮಾತಾಡದೆ ತಂತಿ ಜೋಡಿಸಿ ಆನ್ ಮಾಡಿದೆ. ಅವಳು ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಪರದೆ ಬಂದಿತ್ತು.

“ಅಯ್ಯೋ, ಇದು ಬದುಕ್ತಾ? ಏನ್ ಮಾಡಿದ್ರಿ?”

“ಅವತ್ತೇ ಮಾಡಬಹುದಾಗಿದ್ದನ್ನ ಮಾಡಿದೆ,” ಎಂದೆ. “ಬೋರ್ಡ್ ಹೋಗಿರ್ಲಿಲ್ಲ. ನಂಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳ್ದೆ.”

ಅವಳು ನನ್ನನ್ನೇ ನೋಡುತ್ತಿದ್ದಳು. ಅರಳಿದ್ದ ಮುಖ ನನ್ನ ಕಣ್ಣೆದುರೇ ನಿಧಾನವಾಗಿ ಮುಚ್ಚಿಕೊಂಡಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ನಾನು ಕಳಿಸ್ದೋರಿಗೂ ಹೀಗೇ ಮಾಡಿದ್ರಾ?”

“ಇಲ್ಲ. ನಿಮಗೊಬ್ಬರಿಗೇ.”

“ನನಗೊಬ್ಬಳಿಗೇ,” ಎಂದಳು. “ಊರಿಗೆಲ್ಲ ನಿಮ್ ಹೆಸರು ಹೇಳ್ಕೊಂಡ್ ಓಡಾಡಿದ್ನಲ್ಲ, ನಾನೀಗ ಯಾರಿಗ್ ಮುಖ ತೋರಿಸ್ಲಿ?”

ಮೋಸ ಮಾಡಿದವನು ನಾನು, ನಾಚಿಕೆ ಅವಳಿಗೆ. ಪ್ರೀತಿಸುತ್ತೇನೆ ಎಂದು ಹೇಳಲು ಎಂದಾದರೂ ಹಕ್ಕಿದ್ದರೆ ಅದೂ ಆಗ ಹೋಯಿತು. ದೀಪದ ಪೆಟ್ಟಿಗೆಯನ್ನು ತೆಗೆದುಕೊಂಡು ಹೋಗಿ ಎಂದಳು. ‘ನೊಂಗ್’ ಎನ್ನಲಿಲ್ಲ. ಹೊತ್ತುಕೊಂಡು ಬಂದೆ.

ಕಾಲೇಜಿನಲ್ಲಿ ಅನಿಮೇಷನ್ ಕಲಿಯುವ ಹುಡುಗಿಯೊಬ್ಬಳಿಗೆ ನಿಜಕ್ಕೂ ಅಂಥದ್ದೇ ಬೇಕಿತ್ತು. ಇದ್ದದ್ದು ಇದ್ದಂತೆ ಹೇಳಿ ಮಾರಿ, ಕೊರತೆ ಬಿದ್ದದ್ದನ್ನು ನಾನೇ ತುಂಬಿ, ಪೂರ್ತಿ ಹಣವನ್ನು ಮೇಷ್ಟ್ರ ಮೂಲಕ ಲಿಯೊನೀಸಾಳ ಅಮ್ಮನ ಕೈಗೆ ಮುಟ್ಟಿಸಿದೆ. ಅಂಗಡಿಯ ಕೆಲಸ ಬಿಟ್ಟು, ಮಾರುಕಟ್ಟೆಯ ಬಳಿ ಒಂದು ಮೇಜು ಹಾಕಿಕೊಂಡು ರಿಪೇರಿಗೆ ಕೂತೆ.

ಅವಳು ತರಬೇತಿಗೆ ಸೇರಿದಳೆಂದು ಮೇಷ್ಟ್ರು ಹೇಳಿದರು. ಪರೀಕ್ಷೆ ಬರೆದಳೆಂದೂ ಅವರೇ ಹೇಳಿದರು. ಆ ಆರು ತಿಂಗಳಲ್ಲಿ ಬೇರೇನೂ ಸುದ್ದಿಯಿಲ್ಲ. ಶನಿವಾರ ಮಾತ್ರ ಅಭ್ಯಾಸಬಲದಿಂದ ಬೀದಿಯ ಕಡೆ ನೋಡುತ್ತಿದ್ದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಮೇಜಿನ ಮೇಲೆ ನೆರಳು ಬಿತ್ತು. ತಲೆಯೆತ್ತಿದರೆ ಲಿಯೊನೀಸಾ. ಜೊತೆಗೆ ಲ್ಯಾಪ್‌ಟಾಪ್ ಹಿಡಿದ ಅವಳ ಚಿಕ್ಕಮ್ಮ, ತಿಯಾ ಬೆನಿಂಗ್.

“ತಿಯಾ, ಇವ್ರು ನಂಗೆ ಒಂದ್ಸಲ ಮೋಸ ಮಾಡಿದಾರೆ,” ಎಂದು ಪರಿಚಯಿಸಿದಳು.

ತಿಯಾ ಬೆನಿಂಗ್ ನನ್ನತ್ತ ತಿರುಗಿದರು. ಹೌದು ಎಂದೆ. ಅಕ್ಕಪಕ್ಕದ ಮೇಜಿನವರೂ ಕೇಳಿಸಿಕೊಂಡರು.

“ಮತ್ತೆ ನನ್ನ ಯಾಕೇ ಇಲ್ಲಿಗ್ ಕರ್ಕೊಂಡ್ ಬಂದೆ?”

“ಈಗ ಸುಳ್ಳು ಹೇಳಿದ್ರೆ ಇವ್ರ ಮುಖ ಹೇಳತ್ತೆ ತಿಯಾ. ನಂಗೆ ಓದೋಕ್ ಬರತ್ತೆ.”

ಅವರ ಲ್ಯಾಪ್‌ಟಾಪಿಗೆ ಬೇಕಿದ್ದದ್ದು ಹೊಸ ಬ್ಯಾಟರಿ ಮಾತ್ರ. ಅಷ್ಟೇ ಹೇಳಿದೆ, ಅಷ್ಟೇ ಹಾಕಿದೆ. ತಿಯಾ ಅದನ್ನು ತೆಗೆದುಕೊಂಡು ಪಕ್ಕದ ಮೀನಿನ ಅಂಗಡಿ ಕಡೆ ಹೋದರು. ಲಿಯೊನೀಸಾ ನಿಂತೇ ಇದ್ದಳು. ಪರೀಕ್ಷೆ ಪಾಸಾಗಿದೆ ಎಂದಳು. ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ.

“ಇಂದಾಯ್,” ಎಂದೆ. ಹಾಗೆ ಮುದ್ದಿನಿಂದ ಅವಳನ್ನು ಕರೆದದ್ದು ಅದೇ ಮೊದಲು. “ಈ ಭಾನುವಾರ ನಿಮ್ಮನೆಗ್ ಬರ್ಲಾ? ರಿಪೇರಿಗಲ್ಲ. ನಂಗೆ ನೀವು ತುಂಬ ಇಷ್ಟ. ನಿಮ್ಮಮ್ಮಂಗೆ ಮೊದಲ್ನೇ ದಿನದಿಂದ ಎಲ್ಲಾ ನಾನೇ ಹೇಳ್ತೀನಿ. ಆಮೇಲೆ ಬಾಗ್ಲು ಹಾಕ್ಕೊಂಡ್ರೆ ಹಾಕ್ಕೊಳ್ಳಿ.”

ಅವಳು ನನ್ನ ಮುಖವನ್ನು ಬಹಳ ಹೊತ್ತು ಓದಿದಳು. ನಾನು ತಗ್ಗಿಸಲಿಲ್ಲ.

“ಅಮ್ಮಂಗೆ ಅವತ್ತೇ ಹೇಳ್ದೆ,” ಎಂದಳು. “ನೀವು ಆ ಪೆಟ್ಟಿಗೆ ಹೊತ್ಕೊಂಡು ಹೋದ್ ದಿನಾನೇ. ಅಮ್ಮ ಏನಂದ್ರು ಗೊತ್ತಾ?”

ಇಲ್ಲವೆಂದು ತಲೆಯಾಡಿಸಿದೆ.

“ಮೋಸ ಮಾಡ್ದೋನು ತಾನಾಗೇ ಹುಡುಕ್ಕೊಂಡ್ ಬಂದು ಒಪ್ಕೊಂಡಿದ್ದನ್ನ ನಾನಂತೂ ಕಂಡಿಲ್ಲ. ಅವನನ್ನ ಊಟಕ್ಕೂ ಕೂರಿಸ್ದೆ ಕಳಿಸ್ಬಿಟ್ಯಾ, ಅಂತ ನಂಗೇ ಬೈದ್ರು.” ಅವಳ ಎಡಗಣ್ಣು ಮೊದಲು ಮುಚ್ಚಿತು, ಆಮೇಲೆ ಬಲಗಣ್ಣು. “ಭಾನುವಾರ ಹಸ್ಕೊಂಡ್ ಬಾ, ರೆನಾಂತೆ.”