ಬಾವಿಕಟ್ಟೆಯ ಜರಡಿ

"ತಾತಾ, ಆ ಜರಡಿ ಇಲ್ಲಿ ತೊಳೀಬೇಡ ಅಂದ್ನಲ್ಲ!"

ಮೊಮ್ಮಗಳು ಯಾರೆಲಿ ಎರಡೂ ಕೈ ಚಾಚಿ ಬಾವಿಗೆ ಅಡ್ಡ ನಿಂತಳು. ಫಿದೆನ್ಸಿಯೊ ತಾತ ಸಿಡಿಮದ್ದು ಮೆತ್ತಿದ ಜರಡಿ ಹಿಡಿದು ಕಣ್ಣು ಕೆಕ್ಕರಿಸಿದ. ಉರಿಬಿಸಿಲಲ್ಲೂ ಅವನ ಕೊರಳಲ್ಲಿ ಎಂದಿನ ಕೆಂಪು ವಸ್ತ್ರ ಇದ್ದೇ ಇತ್ತು.

"ನಲವತ್ತು ವರ್ಷದಿಂದ ಇಲ್ಲೇ ತೊಳೀತಿದೀನಿ ಕಣೇ. ಒದ್ದೆ ಜರಡಿಗೆ ಕಿಡಿ ಹತ್ತಲ್ಲ. ಅದಕ್ಕೇ ನಮ್ಮ ಪಟಾಕಿ ಶೆಡ್ಡು ಇವತ್ತಿಗೂ ನಿಂತಿರೋದು. ಆ ಕಡೆ ಸರಿ!"

ಮೆಕ್ಸಿಕೊದ ಆ ಊರಿನಲ್ಲಿ ಮನೆಮನೆಗೂ ಪಟಾಕಿ ಕೆಲಸ. ಅವರಿಗೆಲ್ಲ ತಾತನೇ ಮೇಷ್ಟ್ರು. ಅವನೆದುರು ದೊಡ್ಡವರೇ ಬಾಯಿ ಬಿಡುವುದಿಲ್ಲ. ಆದರೂ ಯಾರೆಲಿ ಜಗ್ಗಲಿಲ್ಲ.

ಒಂದು ವರ್ಷದಿಂದ ಅವಳಿಗೆ ಕ್ಲಾಸಿನಲ್ಲಿ ಬರೀ ತೂಕಡಿಕೆ. ಎಲ್ಲರೂ ಬೆವರುವಾಗ ಅವಳಿಗೆ ಚಳಿ. ಪಕ್ಕದ ಮನೆಯ ಚೆಮಾ ಅವಳನ್ನು "ಆಮೆ" ಎಂದೇ ಕರೆಯುತ್ತಿದ್ದ. ಅಮ್ಮನ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಊತವಿತ್ತು. ಈಗ ಯಾರೆಲಿಯ ಕುತ್ತಿಗೆಯೂ ಉಬ್ಬಿತ್ತು. ಅದು ಕಾಣದಂತೆ ಅವಳು ಕಾಲರಿನ ಗುಂಡಿ ಬಿಗಿಯಾಗಿ ಹಾಕಿಕೊಳ್ಳುತ್ತಿದ್ದಳು.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ "ಥೈರಾಯ್ಡ್ ತೊಂದರೆ" ಎಂದಿದ್ದರು. ಬಾವಿ ನೀರನ್ನೂ ಪರೀಕ್ಷೆಗೆ ಕಳಿಸಿದ್ದರು. ಅದರ ರಿಪೋರ್ಟು ಇವತ್ತು ಬಂದಿತ್ತು.

"ಸಿಡಿಮದ್ದಲ್ಲಿರೋ ಒಂದು ಉಪ್ಪು ಬಾವಿಗೆ ಇಳಿದಿದೆಯಂತೆ ತಾತಾ. ಊಟದಲ್ಲಿರೋ ಅಯೋಡಿನ್ ಥೈರಾಯ್ಡಿಗೆ ಹೋಗದ ಹಾಗೆ ಅದು ಅಡ್ಡ ನಿಲ್ಲುತ್ತಂತೆ."

"ನೀರಿಗ್ಯಾಕೆ ದೂರು? ಅದು ನಮ್ಮ ವಂಶದ ಕುತ್ತಿಗೆ! ನಮ್ಮಮ್ಮಂಗೂ ಇತ್ತು, ನಿಮ್ಮಮ್ಮಂಗೂ ಇದೆ. ಚೆಮಾನೂ ಇದೇ ನೀರು ಕುಡೀತಾನೆ, ಗೂಳಿ ಥರ ಇಲ್ವಾ?"

ಗೋಡೆಯಾಚೆ ಚೆಮಾ ಕಿಸಕ್ಕನೆ ನಕ್ಕ.

ಯಾರೆಲಿಗೆ ಅಳುವೇ ಬಂತು. ಆಗ ಶೆಡ್ಡಿನ ಬಾಗಿಲು ಕಣ್ಣಿಗೆ ಬಿತ್ತು. ಅದರ ಮೇಲೆ ತಾತನೇ ದಪ್ಪಕ್ಷರದಲ್ಲಿ ಬರೆದಿದ್ದ: ಸಿಡಿಮದ್ದು ಇದ್ದಲ್ಲಿ ಕಿಡಿ ಇರಬಾರದು.

"ತಾತಾ, ಸಿಡಿಮದ್ದು ತಾನಾಗೇ ಹತ್ತುತ್ತಾ?"

"ಎಲ್ಲಾದ್ರೂ ಉಂಟಾ? ಕಿಡಿ ಬೇಕು."

"ಖಾಲಿ ನೆಲದ ಮೇಲೆ ಕಿಡಿ ಬಿದ್ರೆ?"

"ಆರಿಹೋಗುತ್ತೆ."

"ಚೆಮಾ ಖಾಲಿ ನೆಲ. ನಮ್ಮ ಮನೆಯವರ ಮೈಯಲ್ಲಿ ಹುಟ್ಟಿನಿಂದ್ಲೇ ಸಿಡಿಮದ್ದಿದೆ. ಡಾಕ್ಟರಮ್ಮನೂ ಅದು ರಕ್ತದಲ್ಲೇ ಬರುತ್ತೆ ಅಂದ್ರು. ಅದನ್ನ ತೆಗೆಯೋಕಾಗಲ್ಲ. ಆದ್ರೆ ಕಿಡಿ ಬಾವೀಲಿದೆ ತಾತಾ. ಇದು ನಿಂದೇ ರೂಲು!"

ಚೆಮಾನ ನಗು ನಿಂತಿತು.

ತಾತ ಜರಡಿಯನ್ನು ಕೆಳಗಿಟ್ಟ. ಬಾವಿಕಟ್ಟೆಯ ಮೇಲೆ ಕುಳಿತು ನಿಧಾನವಾಗಿ ಕೊರಳ ವಸ್ತ್ರ ಬಿಚ್ಚಿದ. ಅಲ್ಲೂ ಊತವಿತ್ತು!

"ನನ್ನಿಂದ್ಲೇ ನಿಮಗೆ ಬಂತು ಅಂತ ಮುಚ್ಚಿಟ್ಕೊಂಡಿದ್ದೆ ಮಗಳೇ. ಅದು ಸಾಲದು ಅಂತ ನೀರನ್ನೂ ನಾನೇ ಕೆಡಿಸಿದೆ ಅಂದ್ರೆ... ಹೇಗೆ ಒಪ್ಕೊಳ್ಳಲಿ?"

ತಾತನದು ಸಿಟ್ಟಲ್ಲ, ಹೆದರಿಕೆ ಎಂದು ಯಾರೆಲಿಗೆ ಆಗ ಗೊತ್ತಾಯಿತು. ಅವಳು ಹೋಗಿ ಅವನಿಗೆ ಒತ್ತಿಕೊಂಡು ಕುಳಿತಳು.

ಅದೇ ವಾರ ಹಿತ್ತಿಲ ತುದಿಯಲ್ಲಿ ಮುಚ್ಚಳವಿರುವ ಸಿಮೆಂಟಿನ ತೊಟ್ಟಿ ಎದ್ದಿತು. ಜರಡಿ ತೊಳೆಯುವುದೆಲ್ಲ ಇನ್ನು ಅದರೊಳಗೇ. ಕುಡಿಯಲು ಎರಡೂ ಮನೆಗೆ ಕ್ಯಾನ್ ನೀರು ಬಂತು. ತಾತ ಬೀದಿ ಬೀದಿ ಅಲೆದು, "ನನ್ನ ಮೊಮ್ಮಗಳು ಹೇಳಿದಾಳೆ ಕಣ್ರೋ" ಎಂದು ಉಳಿದವರಿಂದಲೂ ತೊಟ್ಟಿ ಕಟ್ಟಿಸಿದ. ದಿನಾ ಬೆಳಿಗ್ಗೆ ತಾತ, ಅಮ್ಮ, ಯಾರೆಲಿ ಸಾಲಾಗಿ ನಿಂತು ಡಾಕ್ಟರಮ್ಮ ಕೊಟ್ಟ ಮಾತ್ರೆ ನುಂಗತೊಡಗಿದರು.

ಮಾರ್ಚಿನಲ್ಲಿ ಮಕ್ಕಳ ಗೂಳಿ ಓಟ ಬಂತು. ಕಾಗದದ ಗೂಳಿಯನ್ನು ಹೆಗಲ ಮೇಲೆ ಹೊತ್ತು ಓಡಬೇಕು. ಹೋದ ವರ್ಷ ಯಾರೆಲಿ ಅರ್ಧ ದಾರಿಯಲ್ಲೇ ಕುಸಿದಿದ್ದಳು. ಈ ಸಲ ಅವಳ ಕಾಲಿಗೆ ರೆಕ್ಕೆ ಬಂದಿತ್ತು.

"ಏ ಆಮೆ, ನಿಲ್ಲೇ!" ಚೆಮಾ ಹಿಂದಿನಿಂದ ಏದುಸಿರು ಬಿಟ್ಟ.

"ಆಮೆಗಿಂತ ಹಿಂದಿರೋನ್ನ ಏನಂತಾರೋ?"

ಬೀದಿಗೆ ಬೀದಿಯೇ ಘೊಳ್ಳೆಂದಿತು. ಯಾರೆಲಿ ಎಲ್ಲರಿಗಿಂತ ಮೊದಲು ಗೆರೆ ದಾಟಿದಳು. ಅವಳ ಗೂಳಿಯ ಕೊಂಬಿನಲ್ಲಿ ತಾತನ ಕೆಂಪು ವಸ್ತ್ರ ಪಟಪಟ ಹಾರುತ್ತಿತ್ತು.

ಗುಂಪಿನ ಮುಂದೆ ತಾತ ಬರಿಗೊರಳಲ್ಲಿ ನಿಂತು ಸಿಳ್ಳೆ ಹಾಕುತ್ತಿದ್ದ. ಯಾರೆಲಿ ತನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡಳು. ಊತ ಇನ್ನೂ ಸ್ವಲ್ಪ ಇತ್ತು. ಅವಳು ಕಾಲರಿನ ಗುಂಡಿ ಬಿಚ್ಚಿ ತಾತನ ಕಡೆ ಓಡಿದಳು.