ಹುಳದ ಮನೆ ಪಕ್ಕದ ಕೇಕ್

“ರೀ... ಆ ಓವನ್ ಆಫ್ ಮಾಡ್ರೀ! ಮೊದ್ಲು ಆಫ್ ಮಾಡಿ!”

ಕಾಂಪೌಂಡಿನ ಆಚೆಯಿಂದ ಬಂದ ಕೂಗಿಗೆ ಯಶೋಧರಾ ಬೆಚ್ಚಿಬಿದ್ದಳು. ಪಕ್ಕದ ಮನೆಯ ಬೀರೇಶ್!

ನರ್ಸ್ ಆಗಿದ್ದ ಅಮ್ಮನಿಗೆ ವರ್ಗವಾಗಿ ಅವರು ಜಂಗಮಕೋಟೆಗೆ ಬಂದು ಎರಡು ತಿಂಗಳಾಗಿತ್ತು. ಬೆಳಗ್ಗೆ ಹಿಪ್ಪುನೇರಳೆ ಸೊಪ್ಪು ಹೊತ್ತು ಬರುವ ಅವನನ್ನು ಅವಳು ಕಿಟಕಿಯಿಂದ ಕದ್ದು ನೋಡದ ದಿನವಿರಲಿಲ್ಲ. ಇಷ್ಟು ದಿನ ತುಟಿ ಬಿಚ್ಚದ ಮನುಷ್ಯ, ಮೊದಲ ಮಾತೇ ಹೀಗಾ?

“ಯಾಕ್ರೀ ಆಫ್ ಮಾಡ್ಬೇಕು? ಒಳಗೆ ಕೇಕ್ ಬೇಯ್ತಾ ಇದೆ!”

“ಹೊಗೆ ನೆಟ್ಟಗೆ ನಮ್ ಹುಳದ ಮನೆಗೆ ಬರ್ತಿದೆ! ರೇಷ್ಮೆ ಹುಳ ಹಣ್ಣಾಗೋ ಟೈಮು... ಈ ವಾಸನೆಗೆ ಗೂಡು ಕಟ್ಟದೇ ಹೋದ್ರೆ? ನಮ್ಮನೇಲೇ ನಾಲ್ಕು ದಿನದಿಂದ ಒಗ್ಗರಣೆ ಹಾಕಿಲ್ಲ!”

ಹಾಳಾದ್ದು! ಅಚ್ಚಿನಿಂದ ಉಕ್ಕಿದ ಹಿಟ್ಟು ಓವನ್ನಿನ ತಳಕ್ಕೆ ಸುರಿದು ಸೀಯುತ್ತಿತ್ತು. ಅವಳು ಸ್ವಿಚ್ ಆರಿಸಿದಳು. ಅರೆಬೆಂದ ಕೇಕ್ ಕಣ್ಣೆದುರೇ ಕುಸಿಯಿತು.

ಬೆಳಗಿನಿಂದ ಇದು ಎರಡನೆಯದು. ಮೊದಲನೆಯದಕ್ಕೆ, ನಡುವೆ ತೂತಿರುವ ಬಂಡ್ಟ್ ಅಚ್ಚಿನ ಮಡಿಕೆ ಮಡಿಕೆಗೂ ಬೆಣ್ಣೆ ಸವರಿ ಕೋಕೋ ಪುಡಿ ಉದುರಿಸಿದ್ದಳು. ಆದರೆ ತಾಳ್ಮೆಗೆಟ್ಟು ಬಿಸಿಯಲ್ಲೇ ಮಗುಚಿದಾಗ ಅರ್ಧ ತಟ್ಟೆಗೆ ಬಿತ್ತು, ಅರ್ಧ ಅಚ್ಚಿನಲ್ಲೇ ಅಂಟಿ ಕೂತಿತು. ಮೇಲೆ ಸುರಿಯಬೇಕಿದ್ದ ಚಾಕೊಲೇಟ್ ಗ್ಲೇಜ್ ಪಾತ್ರೆಯಲ್ಲಿ ಹಾಗೇ ಉಳಿದಿತ್ತು.

ಇವತ್ತು ಅವಳ ಹುಟ್ಟುಹಬ್ಬ ಬೇರೆ! ಆದರೆ ಅಳು ಬಂದದ್ದು ಅದಕ್ಕಲ್ಲ. ಇದು ಅವಳ ಮೊಟ್ಟಮೊದಲ ಆರ್ಡರ್. ಚಿಂತಾಮಣಿಯ ರಾಧಾಮಣಿ ಎಂಬವರು ಫೋನಿನಲ್ಲಿ ಹೇಳಿದ್ದರು, ಸಂಜೆ ಐದಕ್ಕೆ ಬೇಕು ಅಂತ. ಅವಳ ಕೈರುಚಿಯನ್ನು ನಂಬಿದ ಮೊದಲ ಗಿರಾಕಿ. ಅವರಿಗೆ ಈಗ ಏನಂತ ಹೇಳುವುದು?

ಕಣ್ಣೊರೆಸಿಕೊಂಡು ಅವರಿಗೆ ಫೋನ್ ಮಾಡಿದಳು.

“ಮೇಡಂ, ಕ್ಷಮಿಸಿ... ಇವತ್ತು ಕೇಕ್ ಕೊಡೋಕಾಗಲ್ಲ.”

ಕ್ಷಣ ಕಳೆಯುವಷ್ಟರಲ್ಲಿ ಫೋನಿನಲ್ಲೂ, ಪಕ್ಕದ ಹುಳದ ಮನೆಯಲ್ಲೂ ಒಂದೇ ದನಿ ಕೇಳಿಸಿತು!

“ಲೋ ಬೀರೇಶಾ! ನಿನ್ ಕೇಕ್ ಹುಡುಗಿ ಕಣೋ... ಕೊಡಕ್ಕಾಗಲ್ವಂತೆ! ನೀನೇ ಮಾತಾಡಪ್ಪ, ನಾನ್ ಹಣ್ಣಾದ ಹುಳ ಆರಿಸ್ಬೇಕು!”

ಯಶೋಧರಾ ದಡದಡನೆ ಹೊರಗೆ ಬಂದಳು. ಬೀರೇಶ್ ತಲೆ ತಗ್ಗಿಸಿಕೊಂಡು ಕಾಂಪೌಂಡಿನ ಬಳಿ ಬಂದ.

“ನಮ್ಮಕ್ಕ ರಾಧಾಮಣಿ... ಹುಳ ಆರಿಸೋಕೆ ಅಂತ ಚಿಂತಾಮಣಿಯಿಂದ ಬಂದವ್ಳೆ.”

“ಅಂದ್ರೆ ಆರ್ಡರ್ ಕೊಡ್ಸಿದ್ದು ನೀವು! ಕೇಕ್ ಬೇಕು ಅನ್ನೋರೂ ನೀವೇ, ಓವನ್ ಆರ್ಸು ಅಂತ ಬೈಯೋರೂ ನೀವೇನಾ?”

“ದಿನದ ಲೆಕ್ಕ ತಪ್ತು ಕಣ್ರೀ... ಇವತ್ತಿಗೆ ಎಲ್ಲಾ ಗೂಡು ಕಟ್ಟಿರ್ತಾವೆ ಅಂದ್ಕೊಂಡಿದ್ದೆ. ಚಳಿಗೆ ಎರಡು ದಿನ ತಡ ಮಾಡ್ಬಿಟ್ವು.”

“ಕೇಕ್ ಯಾರಿಗೆ?”

“ನಿಮಗೇ... ಇವತ್ತು ನಿಮ್ ಹುಟ್ಟಿದಬ್ಬ ಅಂತ ನಿಮ್ಮಮ್ಮ ಹೇಳಿದ್ರು.”

“ನನ್ ಬರ್ತ್‌ಡೇ ಕೇಕ್ ನನ್ ಕೈಲೇ ಮಾಡಿಸ್ತೀರಾ?!”

“ಈ ಬೀದೀಲಿ ಕೇಕ್ ಮಾಡೋರು ನೀವೊಬ್ರೇ ಅಲ್ವಾ... ಇನ್ಯಾರಿಗೆ ಹೇಳ್ಲಿ?”

ನಗು ಬರಬೇಕಿತ್ತು, ಬಂದದ್ದು ಕಣ್ಣೀರು. ಹಾಗಾದರೆ ನನ್ನ ಕೈಯನ್ನು ಯಾರೂ ನಂಬಿರಲೇ ಇಲ್ಲ...

“ನನ್ ಮೊದಲ ಆರ್ಡರೇ ಸುಳ್ಳು. ಅಲ್ವಾ?”

“ಹೆಸರು ಮಾತ್ರ ಅಕ್ಕಂದು. ಆರ್ಡರ್ ನಿಜ!” ಅವನು ಗೋಡೆಗೆ ಇನ್ನೂ ಹತ್ತಿರ ಬಂದ. “ನಿಮ್ಮಮ್ಮ ಕೊಟ್ಟ ಕೇಕ್ ಮೂರ್ ಸಲ ತಿಂದಿದೀನಿ. ಚೆನ್ನಾಗಿತ್ತು ಅನ್ನೋಕೂ ಧೈರ್ಯ ಬರ್ಲಿಲ್ಲ. ಎರಡು ತಿಂಗಳಾದ್ಮೇಲೆ ಮಾತಾಡಿದ್ದು... ಅದೂ ಬೈಯೋಕೆ! ಯಶೋಧರಾ, ನೀವಂದ್ರೆ ನಂಗೆ ತುಂಬಾ ಇಷ್ಟ.”

ಇಷ್ಟು ಹೊತ್ತು ಉರಿಯುತ್ತಿದ್ದ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

“ಎರಡು ದಿನ ಓವನ್ ಹಚ್ಚಲ್ಲ,” ಎಂದಳು ಮೆಲ್ಲಗೆ. “ಹುಳ ಗೂಡು ಕಟ್ಲಿ. ಆಮೇಲೆ ನಿಮ್ ಹೆಸರಲ್ಲೇ ಆರ್ಡರ್ ಕೊಡಿ.”

ಒಳಗೆ ಹೋಗಿ, ಮುರಿದ ಕೇಕಿನ ಒಂದು ತುಂಡನ್ನು ಗ್ಲೇಜ್‌ನಲ್ಲಿ ಅದ್ದಿ ತಂದಳು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಯಾಕೆ... ಮುರಿದಿದ್ದು ಅಂತ ಬೇಡ್ವಾ?”

“ಅಯ್ಯೋ, ಹಂಗಲ್ಲ! ಈ ಕೈಲಿ ಮತ್ತೆ ಹುಳ ಮುಟ್ಬೇಕು. ಬೆಣ್ಣೆ, ಸಿಹಿ ಏನೂ ತಾಗಂಗಿಲ್ಲ.”

ಯಶೋಧರಾ ಗೋಡೆಯ ಮೇಲೆ ಮೊಣಕೈ ಊರಿ ಮುಂದಕ್ಕೆ ಬಾಗಿದಳು.

“ಹಾಗಾದ್ರೆ ಬಾಯಿ ತೆಗೀರಿ.”